ಜಾತ್ರೆ ಡ್ರ್ಯಾಗನ್ ಟ್ರೈನು, ಊಟಿ ಉಗಿಬಂಡಿ, ಬಿಡದಿ ರೋಲರ್ ಕೋಸ್ಟರು: ಮೂರಕ್ಕೂ ಇರೋ ನಂಟೇನು? ಮಕ್ಕಳನ್ನ ಹತ್ತಿಸೋ ಮುಂಚೆ ನೋಡಬೇಕಾದ್ದೇನು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ಈ ನಾಲ್ಕೂ ಪಟ್ಟಣಗಳಲ್ಲಿ ರೈಲು ನಿಲ್ದಾಣ ಇಲ್ಲ. ರೈಲು ಹತ್ತಬೇಕಂದ್ರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸಲ್ಲಿ ಹೋಗಬೇಕು. ಹಾಗಾಗಿ ಇಲ್ಲಿನ ಎಷ್ಟೋ ಮಕ್ಕಳು ಮೊದಲು ಹತ್ತೋ 'ರೈಲು' ಅಂದ್ರೆ ಜಾತ್ರೆ ಮೈದಾನದಲ್ಲಿ ಸುತ್ತೋ ಡ್ರ್ಯಾಗನ್ ಟ್ರೈನೇ.

ಅದನ್ನ ಬರೀ ಆಟ ಅಂತ ನೋಡೋರೇ ಜಾಸ್ತಿ. ಆದ್ರೆ ಇಂಥ ಬಂಡಿಗಳ ಹಿಂದೆ ಬಿದ್ದು, ಯಾವ ಗಾಲಿ ಎಲ್ಲಿದೆ, ಯಾವ ಬ್ರೇಕು ಹೇಗೆ ಹಿಡಿಯುತ್ತೆ ಅಂತ ನೋಡ್ತಾ ಊರೂರು ಸುತ್ತೋ ಆಸಕ್ತರು ಪ್ರಪಂಚದಲ್ಲಿ ಸಾವಿರಾರು ಜನ ಇದಾರೆ. ಅಮೆರಿಕದಲ್ಲಿ ರೋಲರ್ ಕೋಸ್ಟರ್ ಆಸಕ್ತರ ಸಂಘವೇ 1978ರಲ್ಲಿ ಶುರುವಾಯ್ತು. ನಮ್ಮ ದೇಶದಲ್ಲೂ ರೈಲು ಹುಚ್ಚಿನವರ ಕೂಟಗಳಿವೆ. ಅವರು ನೋಡೋ ಕಣ್ಣಲ್ಲಿ ನಾವೂ ಐದು ನಿಮಿಷ ನೋಡಿದ್ರೆ ಮಕ್ಕಳ ಜೀವಕ್ಕೆ ಅನುಕೂಲ. ಹೇಗೆ ಅನ್ನೋದು ಮುಂದಿದೆ.

ಕಲ್ಲಿದ್ದಲು ಬಂಡಿಯೇ ಆಟದ ಬಂಡಿ ಆಯ್ತು

ರೋಲರ್ ಕೋಸ್ಟರ್ ಅಂದ್ರೆ ಸರಳವಾಗಿ ಹೇಳಬೇಕಂದ್ರೆ ಎಂಜಿನ್ ಇಲ್ಲದ ರೈಲು. ಅದರ ಬೇರಲ್ಲಿ ರೈಲು ಹಳಿಯೂ ಇದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಾಕ್ ಚಂಕ್ ಅನ್ನೋ ಊರಿತ್ತು. 1827ರಲ್ಲಿ ಅಲ್ಲಿ ಗುಡ್ಡದ ಮೇಲಿನ ಗಣಿಯಿಂದ ಕಲ್ಲಿದ್ದಲು ಇಳಿಸೋಕೆ ಹಳಿ ಹಾಕಿದ್ರು. ತುಂಬಿದ ಬಂಡಿ ಇಳಿಜಾರಲ್ಲಿ ತಾನಾಗೇ ಇಳಿಯೋದು. ಖಾಲಿ ಬಂಡಿ ಮೇಲಕ್ಕೆ ಎಳೆಯೋಕೆ ಹೇಸರಗತ್ತೆ. ಆ ಹೇಸರಗತ್ತೆಗಳೂ ಕೆಳಗೆ ಬರುವಾಗ ಬಂಡಿಯಲ್ಲೇ ನಿಂತು ಬರ್ತಿದ್ವು. ಆಮೇಲೆ ಗುಡ್ಡದ ತುದಿಯಲ್ಲಿ ಉಗಿ ಎಂಜಿನ್ ಕೂರಿಸಿ ಬಂಡಿ ಮೇಲಕ್ಕೆ ಎಳೆದ್ರು. ಎಳೆಯುವಾಗ ಬಂಡಿ ಹಿಂದಕ್ಕೆ ಜಾರಬಾರದು ಅಂತ ಹಲ್ಲಿನ ಪಟ್ಟಿಯನ್ನೂ ಜೋಡಿಸಿದ್ರು. 1870ರ ದಶಕದಲ್ಲಿ ಕಲ್ಲಿದ್ದಲಿಗೆ ಬೇರೆ ದಾರಿ ಆದ ಮೇಲೆ ಆ ಹಳಿ ಪೂರ್ತಿ ಪ್ರವಾಸಿಗರ ಪಾಲಾಯ್ತು. ಜನ ದುಡ್ಡು ಕೊಟ್ಟು ಗುಡ್ಡ ಇಳಿಯೋಕೆ ಬರೋರು.

1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಅನ್ನೋರು ಸುಮಾರು 600 ಅಡಿ ಉದ್ದದ ಮರದ ಹಳಿ ಕಟ್ಟಿ, ಐದು ಸೆಂಟ್ ಟಿಕೆಟ್ ಇಟ್ಟು ಜನರನ್ನ ಕೂರಿಸಿದ್ರು. ವೇಗ ಗಂಟೆಗೆ ಬರೀ 10 ಕಿ.ಮೀ. ಆಸುಪಾಸು, ಅಂದ್ರೆ ನಿಧಾನಕ್ಕೆ ಸೈಕಲ್ ತುಳಿದಷ್ಟು. ಆದ್ರೂ ಜನ ಮುಗಿಬಿದ್ರು.

ಉಗಿಬಂಡಿ ಹುಚ್ಚಿಗೆ ದೊಡ್ಡ ಉದಾಹರಣೆ ಮಿಕ್ಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿ. ನಿಜವಾದ ಎಂಜಿನ್ನಿನ ಎಂಟನೇ ಒಂದು ಭಾಗದಷ್ಟು ಗಾತ್ರದ ಉಗಿ ಎಂಜಿನ್ ಮಾಡಿಸಿ, 1950ರಲ್ಲಿ ಮನೆ ಹಿತ್ತಲಲ್ಲೇ ಓಡಿಸ್ತಿದ್ರು. ಅದಕ್ಕೆ ಹೆಂಡತಿ ಲಿಲಿಯನ್ ಹೆಸರಿಂದಲೇ 'ಲಿಲ್ಲಿ ಬೆಲ್' ಅಂತ ಹೆಸರಿಟ್ಟಿದ್ರು. 1955ರ ಜುಲೈ 17ಕ್ಕೆ ಡಿಸ್ನಿಲ್ಯಾಂಡ್ ಶುರುವಾದಾಗ ಪಾರ್ಕಿನ ಸುತ್ತ ಉಗಿಬಂಡಿ ಓಡಿತು. ಅಲ್ಲಿಂದಾಚೆ ದೊಡ್ಡ ಪಾರ್ಕ್ ಅಂದ್ರೆ ಒಂದು ಪುಟ್ಟ ರೈಲು ಇರಲೇಬೇಕು ಅನ್ನೋ ಹಾಗಾಯ್ತು.

ಉಗಿ ಎಂಜಿನ್: ಅಡುಗೆಮನೆ ಕುಕ್ಕರಿನ ಲೆಕ್ಕ

ಉಗಿ ಎಂಜಿನ್ ಅರ್ಥ ಮಾಡ್ಕೊಳ್ಳೋಕೆ ಕುಕ್ಕರ್ ಸಾಕು. ಕುಕ್ಕರಲ್ಲಿ ಉಗಿ ತುಂಬಿ ವೆಯ್ಟ್ ಎತ್ತುತ್ತೆ. ಎಂಜಿನ್ನಲ್ಲಿ ಬಾಯ್ಲರಿನ ಉಗಿಯನ್ನ ಸಿಲಿಂಡರಿಗೆ ಬಿಡ್ತಾರೆ, ಅದು ಪಿಸ್ಟನ್ ತಳ್ಳುತ್ತೆ, ಪಿಸ್ಟನ್ನಿಗೆ ಸೇರಿದ ಉದ್ದನೆ ರಾಡು ಗಾಲಿ ತಿರುಗಿಸುತ್ತೆ. ಕೆಲಸ ಮುಗಿದ ಉಗಿ ಚಿಮಣಿಯಿಂದ ಹೊರಗೆ ಹೋಗುತ್ತೆ. ಹೋಗುವಾಗ ಒಲೆಯ ಗಾಳಿಯನ್ನೂ ಜೊತೆಗೆ ಎಳೆಯುತ್ತೆ, ಅದರಿಂದ ಬೆಂಕಿ ಇನ್ನೂ ಜೋರಾಗುತ್ತೆ. 'ಛುಕ್ ಛುಕ್' ಅನ್ನೋ ಸದ್ದು ಅದೇ. ಎರಡು ಸಿಲಿಂಡರಿನ ಎಂಜಿನ್ ಆದ್ರೆ ಗಾಲಿ ಒಂದು ಸುತ್ತಿಗೆ ನಾಲ್ಕು ಛುಕ್.

ಕುಕ್ಕರಲ್ಲಿ ನೀರು ಹಾಕೋದು ಮರೆತ್ರೆ ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್ ಕರಗಿ ಉಗಿ ಹೊರಗೆ ಬಿಡುತ್ತಲ್ಲ, ಉಗಿ ಎಂಜಿನ್ನಲ್ಲೂ ಅದೇ ಉಪಾಯ ಇದೆ. ಬಾಯ್ಲರಿನ ನೀರು ತೀರಾ ಇಳಿದ್ರೆ ಬೆಂಕಿ ಮೇಲಿರೋ ಒಂದು ಬಿರಡೆ ಕರಗಿ ಉಗಿ ಒಲೆಗೇ ನುಗ್ಗುತ್ತೆ, ಡ್ರೈವರಿಗೆ ಎಚ್ಚರಿಕೆ ಸಿಗುತ್ತೆ.

ಪಾರ್ಕುಗಳಲ್ಲಿ 'ಉಗಿಬಂಡಿ' ಅಂತ ಕಾಣೋದೆಲ್ಲ ಉಗಿಯದ್ದಲ್ಲ. ಬಹಳಷ್ಟರಲ್ಲಿ ಚಿಮಣಿ ಅಲಂಕಾರಕ್ಕೆ ಮಾತ್ರ, ಒಳಗೆ ಡೀಸೆಲ್ ಇಲ್ಲಾ ಬ್ಯಾಟರಿ ಇರುತ್ತೆ. ಗಾಲಿ ಪಕ್ಕದ ರಾಡು ಪಿಸ್ಟನ್ನಿಂದ ಹೊರಟು ನಿಜವಾಗ್ಲೂ ಗಾಲಿ ತಳ್ತಿದೆಯಾ ಅಂತ ನೋಡಿದ್ರೆ ಗುಟ್ಟು ಗೊತ್ತಾಗುತ್ತೆ.

ಚನ್ನಗಿರಿ ಪಕ್ಕದ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಎರಡಡಿ ಅಗಲದ ಹಳಿ ಮೇಲೆ ಪುಟ್ಟ ರೈಲು ಓಡ್ತಿತ್ತು. ಈಗ ಅದಿಲ್ಲ. ಡಾರ್ಜಿಲಿಂಗ್ ರೈಲಿಗೂ ಅಷ್ಟೇ ಅಗಲದ ಹಳಿ.

ಕೋಸ್ಟರ್ ಓಡೋದು ಹೇಗೆ?

ಕೆರೆ ಏರಿ ಮೇಲಿಂದ ಸೈಕಲ್ ಬಿಟ್ಟ ಹಾಗೆ. ಮೋಟಾರು ಚೈನ್ ಎಳೆದು ಬಂಡಿಯನ್ನ ಮೊದಲ ಎತ್ತರಕ್ಕೆ ಹತ್ತಿಸುತ್ತೆ. ಅಲ್ಲಿಂದ ಆಚೆ ಎಲ್ಲಾ ಭೂಮಿಯ ಎಳೆತ. 10 ಮೀಟರ್ ಇಳಿದ್ರೆ ವೇಗ ಗಂಟೆಗೆ ಸುಮಾರು 50 ಕಿ.ಮೀ., 40 ಮೀಟರ್ ಇಳಿದ್ರೆ ಸುಮಾರು 100 ಕಿ.ಮೀ. (ಗಾಳಿ, ತಿಕ್ಕಾಟದ ನಷ್ಟ ಬಿಟ್ಟು). ಎತ್ತರ ನಾಲ್ಕು ಪಟ್ಟಾದ್ರೆ ವೇಗ ಎರಡು ಪಟ್ಟು, ಅಷ್ಟೇ. ಒಮ್ಮೆ ಇಳಿದ ಬಂಡಿ ಮತ್ತೆ ಅದೇ ಎತ್ತರ ಮುಟ್ಟೋಕಾಗಲ್ಲ. ಅದಕ್ಕೇ ಮುಂದಿನ ಗುಡ್ಡಗಳು ಮೊದಲನೇದಕ್ಕಿಂತ ಚಿಕ್ಕದಾಗ್ತಾ ಹೋಗೋದು.

ಹಾಗಾದ್ರೆ ಬಂಡಿ ಬೀಳಲ್ಲ ಯಾಕೆ? ಮೂರ್ನಾಲ್ಕು ಸರಳ ಉಪಾಯ ಇವೆ.

ಟಕ್ ಟಕ್ ಸದ್ದು: ಮೇಲೆ ಹತ್ತುವಾಗ ಕೇಳೋ ಆ ಸದ್ದು ಹೆದರಿಸೋಕಲ್ಲ. ಬಂಡಿ ಕೆಳಗಿನ ಕೊಕ್ಕೆ ಹಳಿಯ ಹಲ್ಲುಗಳಿಗೆ ಒಂದೊಂದಾಗಿ ಬೀಳ್ತಿರುತ್ತೆ. ಚೈನ್ ತುಂಡಾದ್ರೂ ಬಂಡಿ ಹಿಂದಕ್ಕೆ ಜಾರಲ್ಲ. ಮಾಕ್ ಚಂಕ್ ಗುಡ್ಡದ ಪಾಠ ಇದು.

ಮೂರು ಕಡೆ ಗಾಲಿ: ರೈಲಿಗೆ ಹಳಿ ಮೇಲೆ ಮಾತ್ರ ಗಾಲಿ. ಕೋಸ್ಟರಿಗೆ ಮೇಲೊಂದು, ಪಕ್ಕಕ್ಕೊಂದು, ಹಳಿ ಕೆಳಗೊಂದು. ಮುಷ್ಟಿಯಲ್ಲಿ ಕೋಲು ಹಿಡಿದ ಹಾಗೆ ಬಂಡಿ ಹಳಿಯನ್ನ ಹಿಡ್ಕೊಂಡಿರುತ್ತೆ. ಕೆಳಗಿನ ಗಾಲಿಗೆ ಜಾನ್ ಮಿಲ್ಲರ್ ಅನ್ನೋರು 1919ರಲ್ಲಿ ಪೇಟೆಂಟ್ ಪಡೆದ್ರು.

ಕಣ್ಣೀರ ಹನಿ ಆಕಾರ: ತಲೆಕೆಳಗಾಗೋ ಸುತ್ತು ಪೂರ್ತಿ ದುಂಡಗಿರಲ್ಲ, ಹನಿಯ ಹಾಗೆ ಮೇಲೆ ಕಿರಿದಾಗಿರುತ್ತೆ. ದುಂಡಗಿದ್ರೆ ಸುತ್ತಿನೊಳಗೆ ನುಗ್ಗೋ ಹೊತ್ತಿಗೆ ಕುತ್ತಿಗೆಗೆ ಜೋರು ಪೆಟ್ಟು ಬೀಳುತ್ತೆ. ಈ ಆಕಾರದ ಉಕ್ಕಿನ ಕೋಸ್ಟರ್ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯ್ತು.

ಒಂದು ಭಾಗಕ್ಕೆ ಒಂದೇ ಬಂಡಿ: ಹಳಿಯನ್ನ ಭಾಗ ಮಾಡಿರ್ತಾರೆ. ಮುಂದಿನ ಭಾಗ ಖಾಲಿ ಆಗೋತನಕ ಹಿಂದಿನ ಬಂಡಿಯನ್ನ ಬ್ರೇಕು ಬಿಡಲ್ಲ. ರೈಲ್ವೆ ಸಿಗ್ನಲ್ ಪದ್ಧತಿಯೂ ಇದೇ.

ಇನ್ನು ಎತ್ತರದ ಅಳತೆ ಪಟ್ಟಿ. 'ನಮ್ ಹುಡುಗ ಹೆದರಲ್ಲ, ಬಿಡ್ರಿ' ಅಂತ ವಾದ ಮಾಡೋರು ಬಹಳ. ಆ ಗೆರೆ ಧೈರ್ಯದ ಅಳತೆ ಅಲ್ಲ. ತೊಡೆ ಮೇಲೆ ಬರೋ ಸರಳು ಒಂದು ಮಟ್ಟದ ಮೈಗೆ ಲೆಕ್ಕ ಹಾಕಿ ಮಾಡಿದ್ದು. ಸಣ್ಣ ಮಗು ಅದರ ಸಂದಿಯಲ್ಲಿ ನುಸುಳಿಬಿಡಬಹುದು. ಪಕ್ಕದಲ್ಲಿ ದಪ್ಪ ಇರೋರು ಕೂತು ಒಂದೇ ಸರಳು ಇಬ್ಬರಿಗೂ ಹಾಕಿದ್ರೆ ಮಗುವಿನ ಕಡೆ ಸಂದಿ ಇನ್ನೂ ದೊಡ್ಡದಾಗುತ್ತೆ.

ಜಾತ್ರೆ ಆಟದ ಸಮಸ್ಯೆ ಬೇರೆ

ಡ್ರ್ಯಾಗನ್ ಟ್ರೈನು ಮೇಲಿಂದ ಬೀಳೋ ಕೋಸ್ಟರ್ ಅಲ್ಲ. ಬಂಡಿಯಲ್ಲೇ ಮೋಟಾರ್ ಇರುತ್ತೆ, ಎತ್ತರ ಕಮ್ಮಿ, ವೇಗನೂ ಕಮ್ಮಿ. ಆದ್ರೆ ಪಾರ್ಕಿನ ಆಟ ಕಾಂಕ್ರೀಟ್ ಪಾಯದ ಮೇಲೆ ಒಂದೇ ಕಡೆ ನಿಂತಿರುತ್ತೆ. ಜಾತ್ರೆ ಆಟ ಲಾರಿಯಲ್ಲಿ ಬಿಡಿಬಿಡಿಯಾಗಿ ಬಂದು, ಹೊಲದಲ್ಲೋ ಶಾಲೆ ಮೈದಾನದಲ್ಲೋ ಒಂದೆರಡು ದಿನದಲ್ಲಿ ಎದ್ದು, ಜಾತ್ರೆ ಮುಗಿದ ಮೇಲೆ ಮತ್ತೆ ಬಿಚ್ಚಿಕೊಂಡು ಮುಂದಿನ ಊರಿಗೆ ಹೋಗುತ್ತೆ. ಪ್ರತಿ ಸಲ ಬಿಚ್ಚಿ ಕೂಡಿಸುವಾಗ ಒಂದು ಪಿನ್ನು, ಒಂದು ಬೋಲ್ಟು ಬಿಟ್ಟುಹೋಗೋ ಸಾಧ್ಯತೆ ಇರುತ್ತೆ.

ಒಂದೇ ಜಾಗದಲ್ಲಿ ನಿಂತ ಆಟಕ್ಕೂ ಅಪಾಯ ತಪ್ಪಿದ್ದಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗೋ ಆಟದ ಕಂಬ ಮುರಿದು ಜನ ಸತ್ತಿದ್ರು, ಹತ್ತಾರು ಜನ ಗಾಯಗೊಂಡಿದ್ರು. ಉಕ್ಕು ಒಮ್ಮೆಲೇ ಮುರಿಯಲ್ಲ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಕೊನೆಗೆ ತುಂಡಾಗುತ್ತಲ್ಲ, ಹಾಗೆ ತೂಗಾಡೋ ಭಾಗ ಒಳಗೊಳಗೇ ದಣಿದು ಬಿರುಕು ಬಿಡುತ್ತೆ. ಅದಕ್ಕೇ ಬಣ್ಣ ಹೊಡೆದು ಹೊಸದಾಗಿ ಕಂಡ್ರೆ ಸಾಲದು, ತಪಾಸಣೆ ಆಗಿರಬೇಕು.

ಟಿಕೆಟ್ ತಗೊಳ್ಳೋ ಮುಂಚೆ ಇಷ್ಟು ನೋಡಿ

- ಒಂದು ಸುತ್ತು ಖಾಲಿ ನಿಂತು ನೋಡಿ. ಆಟ ಒಂದೇ ಕಡೆ ವಾಲುತ್ತಾ? ಕರಕರ ಸದ್ದು ಒಂದೇ ಜಾಗದಲ್ಲಿ ಬರುತ್ತಾ?
- ಕಾಲುಗಳ ಕೆಳಗೆ ದಪ್ಪ ಮರದ ದಿಮ್ಮಿ ಬಿಗಿಯಾಗಿ ಇರಬೇಕು. ಸಡಿಲ ಇಟ್ಟಿಗೆ ಜೋಡಿಸಿದ್ರೆ, ಮಳೆಗೆ ನೆಲ ಕುಸಿದಿದ್ರೆ ಹತ್ತಬೇಡಿ.
- ದೊಡ್ಡ ಪಿನ್ನುಗಳ ತುದಿಗೆ ಕ್ಲಿಪ್ ಇರಬೇಕು. ಆ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತಿದ್ರೆ ಅನುಮಾನ ಪಡಿ.
- ಸೀಟಿನ ಸರಳನ್ನ ಹಾಕಿದ ಮೇಲೆ ನೀವೇ ಒಮ್ಮೆ ಎಳೆದು ನೋಡಿ.
- ಆಟ ಓಡಿಸೋನು ಸ್ವಿಚ್ ಪಕ್ಕದಲ್ಲೇ ನಿಂತಿರಬೇಕು. ಓಡಿಸ್ತಾ ಟಿಕೆಟ್ ಹರೀತಾ, ಫೋನಲ್ಲಿ ಮಾತಾಡ್ತಾ ಇದ್ರೆ ಬೇಡ.
- ಸುತ್ತ ಬೇಲಿ ಇರಬೇಕು. ಜನರೇಟರ್ ವೈರು ಕೆಸರಲ್ಲಿ ಬಿದ್ದಿರಬಾರದು.
- ಹೆಣ್ಣುಮಕ್ಕಳ ಜಡೆ, ದುಪಟ್ಟಾ, ಸೆರಗು ಬಿಗಿದು ಕಟ್ಟಿಸಿ. ತಿರುಗೋ ಆಟದಲ್ಲಿ ಕೂದಲು ಸಿಕ್ಕಿದ್ರೆ ನಿಲ್ಲಿಸೋಕೆ ಟೈಮೇ ಇರಲ್ಲ.

ಜಾತ್ರಾ ಸಮಿತಿಯವರಿಗೂ ಪಂಚಾಯ್ತಿಯವರಿಗೂ ಒಂದು ಮಾತು. ಆಟದ ಯಂತ್ರಗಳ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15475 ಅನ್ನೋ ಮಾನದಂಡ ಇದೆ. ಜಾಗದ ಬಾಡಿಗೆ ಮಾತಾಡೋ ದಿನವೇ ಯಂತ್ರದ ತಪಾಸಣೆ ಪತ್ರ, ವಿದ್ಯುತ್ ಸುರಕ್ಷತೆಯ ಕಾಗದ, ವಿಮೆ ಈ ಮೂರನ್ನ ಕೇಳಿ. ಹರಾಜಿನ ದುಡ್ಡು ಕೈಗೆ ಬಂದ ಮೇಲೆ ಕೇಳೋಕೆ ಬಾಯಿ ಬರಲ್ಲ. ಜಾತ್ರೆಯಲ್ಲಿ ಅಂಗಡಿ ಹಾಕೋರಿಗೂ ಇದು ಬೇಕಾದ ವಿಷಯವೇ. ಒಂದು ಅನಾಹುತ ಆದ್ರೆ ಮಂಡಕ್ಕಿ, ಬಳೆ, ಆಟಿಕೆ ಅಂಗಡಿ ಎಲ್ಲದರ ವ್ಯಾಪಾರವೂ ಅವತ್ತಿಗೇ ನಿಂತುಹೋಗುತ್ತೆ.

ನೋಡೋ ಆಸೆ ಇದ್ರೆ ಎಲ್ಲಿಗೆ ಹೋಗಬಹುದು?

ಹುಬ್ಬಳ್ಳಿ: ಇಲ್ಲಿನವರಿಗೆ ಹತ್ತಿರದ್ದು. ಗದಗ ರಸ್ತೆ ಕಡೆ ಇರೋ ರೈಲ್ವೆ ಮ್ಯೂಸಿಯಂ 2020ರ ಆಗಸ್ಟಿನಲ್ಲಿ ಶುರುವಾಯ್ತು. ದಾವಣಗೆರೆಯಿಂದ ನೇರ ರೈಲಿದೆ. ಮಕ್ಕಳಿಗೆ ರೈಲು ಹತ್ತಿದ ಹಾಗೂ ಆಗುತ್ತೆ.

ಮೈಸೂರು: 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂನಲ್ಲಿ ನಿಜವಾದ ಉಗಿ ಎಂಜಿನ್‌ಗಳನ್ನ ಪಕ್ಕದಲ್ಲೇ ನಿಂತು ನೋಡಬಹುದು. ಮಹಾರಾಣಿಯವರ ಬೋಗಿಯೂ ಅಲ್ಲಿದೆ.

ಬೆಂಗಳೂರು: ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ತುಂಬಾ ಹಳೇದು. ಬಿಡದಿ ಹತ್ತಿರದ ವಂಡರ್‌ಲಾ 2005ರಲ್ಲಿ ಶುರುವಾಯ್ತು. ಅಲ್ಲಿನ 'ರಿಕಾಯಿಲ್' ಕೋಸ್ಟರ್ ಸುತ್ತುಗಳನ್ನ ಮುಂದಕ್ಕೆ ದಾಟಿ, ಅದೇ ಹಳಿಯಲ್ಲಿ ಹಿಮ್ಮುಖವಾಗಿ ವಾಪಸ್ ಬರುತ್ತೆ.

ಊಟಿ: ಮೆಟ್ಟುಪಾಳಯಂನಿಂದ ಕೂನೂರಿಗೆ ಉಗಿಬಂಡಿ 1899ರಲ್ಲಿ ಶುರು, 1908ಕ್ಕೆ ಹಳಿ ಊಟಿ ಮುಟ್ಟಿತು. ಕೆಲವು ಕಡೆ 12 ಅಡಿ ಹೋದ್ರೆ 1 ಅಡಿ ಏರು. ಜಾರದ ಹಾಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಎಂಜಿನ್ ಇಳಿಜಾರಿನ ಕಡೆ ನಿಂತು ಬೋಗಿಗಳನ್ನ ಮೇಲಕ್ಕೆ ತಳ್ಳುತ್ತೆ.

ಮಕ್ಕಳನ್ನ ಇವುಗಳಿಗೆ ಕರ್ಕೊಂಡು ಹೋಗೋರು ಫೋಟೋ ತೆಗೆಸೋದರ ಜೊತೆಗೆ ಗಾಲಿ ಎಲ್ಲಿದೆ, ಕೊಕ್ಕೆ ಎಲ್ಲಿದೆ, ಬ್ರೇಕು ಎಲ್ಲಿದೆ ಅಂತಲೂ ತೋರಿಸಿ. ಮುಂದಿನ ಜಾತ್ರೆಯಲ್ಲಿ 'ಅಪ್ಪಾ, ಈ ಪಿನ್ನಿಗೆ ಕ್ಲಿಪ್ ಇಲ್ಲ' ಅಂತ ಮೊದಲು ಹೇಳೋದು ಆ ಮಗುವೇ ಆಗಿರಬಹುದು.