ಬ್ಯಾಟರಿ ಬದಲಿಸುವ ಮೊದಲು

ಬೈಕಿನ ಬ್ಯಾಟರಿ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ ಅಷ್ಟೆ. ಹುಟ್ಟಿಸುವುದು ಎಂಜಿನ್ನಿನ ಪಕ್ಕದ ಮುಚ್ಚಳದೊಳಗಿರುವ ಮ್ಯಾಗ್ನೆಟ್ ಮತ್ತು ಕಾಯಿಲ್. ಕ್ರ್ಯಾಂಕಿನ ಜೊತೆ ಮ್ಯಾಗ್ನೆಟ್ ತಿರುಗಿದಾಗ ಒಳಗಿನ ತಾಮ್ರದ ಸುರುಳಿಗಳಲ್ಲಿ ಎಸಿ ವಿದ್ಯುತ್ ಉಂಟಾಗುತ್ತದೆ. ಅದನ್ನು ಡಿಸಿ ಮಾಡಿ, 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದು ಬ್ಯಾಟರಿಗೆ ಕಳಿಸುವುದು ರೆಗ್ಯುಲೇಟರ್-ರೆಕ್ಟಿಫೈಯರ್. ಗ್ಯಾರೇಜಿನಲ್ಲಿ ಅದು ಆರ್‌ಆರ್ ಯೂನಿಟ್. ಗದಗ ಸೀಮೆಯಲ್ಲಿ ಈ ಏರ್ಪಾಡನ್ನು ಧೂಳು, ಎರೆಮಣ್ಣು ಮತ್ತು ಬಿಸಿಲು ತಿನ್ನುತ್ತವೆ.

ಸೆಲ್ಫ್ ಎತ್ತುತ್ತಿಲ್ಲ, ಹಾರ್ನ್ ಕುಗ್ಗಿದೆ, ಇಂಡಿಕೇಟರ್ ನಿಧಾನವಾಗಿ ಮಿನುಗುತ್ತಿದೆ ಎಂದಾಗ ಮೊದಲು ಬೀಳುವ ಖರ್ಚು ಹೊಸ ಬ್ಯಾಟರಿಯದು. ಹೊಸದು ಕೆಲವು ವಾರ ಚೆನ್ನಾಗಿ ನಡೆದು ಮತ್ತೆ ಅದೇ ಗೋಳು ಶುರುವಾದರೆ ದೋಷ ಬ್ಯಾಟರಿಯಲ್ಲಿ ಇರಲೇ ಇಲ್ಲ ಎಂದರ್ಥ. ದುಡ್ಡು ಸುರಿಯುವ ಮೊದಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಹಿಡಿದು ಕ್ರಮವಾಗಿ ಅಳೆಯುವುದು ಇಂಥ ಕಡೆ ನಿಜವಾದ ಉಳಿತಾಯ.

ಮೊದಲ ಅಳತೆ ಗಾಡಿ ನಿಂತಿರುವಾಗ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಕೀ ಹಾಕುವ ಮೊದಲು ಅಳೆಯಬೇಕು. ಆರು ಕೋಶಗಳ ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. 12.4ಕ್ಕೆ ಇಳಿದಿದ್ದರೆ ಸುಮಾರು ಮುಕ್ಕಾಲು ಭಾಗ ಉಳಿದಿದೆ; 12.0 ಎಂದರೆ ಕಾಲು ಭಾಗವೂ ಕಷ್ಟ. ಪೂರ್ತಿ ಚಾರ್ಜ್ ಮಾಡಿಸಿದ ಮೇಲೂ ಸೆಲ್ಫ್ ಒತ್ತಿದಾಗ ಅಳತೆ 9.5 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಎನ್ನಬಹುದು. ಇದನ್ನು ಮುಗಿಸದೆ ಮುಂದಿನ ಪರೀಕ್ಷೆಗೆ ಹೋದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಸತ್ತ ಬ್ಯಾಟರಿ ಒಳ್ಳೆಯ ಚಾರ್ಜಿಂಗ್ ವ್ಯವಸ್ಥೆಯನ್ನೂ ಕೆಟ್ಟದ್ದೆಂದು ತೋರಿಸುತ್ತದೆ.

ಎರಡನೆಯದು ಎಂಜಿನ್ ಓಡುವಾಗ. ಹೆಡ್‌ಲೈಟ್ ಉರಿಯುತ್ತಿರಲಿ, ಮೀಟರಿನ ಮೊನೆಗಳು ಬ್ಯಾಟರಿ ಟರ್ಮಿನಲ್ ಮೇಲೇ ಇರಲಿ, ಆಕ್ಸಿಲರೇಟರ್ ತಿರುವಿ ನಿಮಿಷಕ್ಕೆ ಸುಮಾರು 4,000 ಸುತ್ತಿನವರೆಗೆ ಏರಿಸಬೇಕು. 13.8ರಿಂದ 14.5ರೊಳಗೆ ಅಂಕಿ ನಿಂತರೆ ಚಾರ್ಜಿಂಗ್ ಸರಿಯಿದೆ. ಎಷ್ಟು ರೇಸ್ ಕೊಟ್ಟರೂ 12.5ರ ಬಳಿಯೇ ಉಳಿದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿ ಹೋದರೆ ಅದು ಇನ್ನೂ ಕೆಟ್ಟದ್ದು: ಬ್ಯಾಟರಿಯ ನೀರು ಬೇಗ ಆರುತ್ತದೆ, ಬಲ್ಬುಗಳು ಒಂದರ ಹಿಂದೊಂದು ಸುಡುತ್ತವೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಸೀಲ್ ಮಾಡಿದ ಬ್ಯಾಟರಿಯ ಹೊಟ್ಟೆ ಉಬ್ಬುತ್ತದೆ. ಹೀಗಾದಾಗ ಹತ್ತಿರ ಕಿಡಿ, ಬೀಡಿ ಯಾವುದೂ ಸುಳಿಯಬಾರದು. ಹೊರಬರುವ ಹೈಡ್ರೋಜನ್ ಅನಿಲ ಹತ್ತಿಕೊಳ್ಳುತ್ತದೆ.

ಇಲ್ಲಿ ಒಂದು ಹಳೆಯ ರೂಢಿಯನ್ನು ಬಲವಾಗಿಯೇ ಬೇಡ ಎನ್ನಬೇಕಾಗಿದೆ. ಎಂಜಿನ್ ಓಡುವಾಗ ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿ, ಗಾಡಿ ನಿಲ್ಲದಿದ್ದರೆ ಚಾರ್ಜಿಂಗ್ ಚೆನ್ನಾಗಿದೆ ಎಂದು ಹೇಳುವ ಪದ್ಧತಿ ಕಿಕ್ ಹೊಡೆದು ಹೊರಡುತ್ತಿದ್ದ ಕಾರ್ಬ್ಯುರೇಟರ್ ಗಾಡಿಗಳ ಕಾಲದ್ದು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಪೆಟ್ರೋಲ್ ಬೈಕುಗಳು ಫ್ಯೂಯಲ್ ಇಂಜೆಕ್ಷನ್ನಿಗೆ ಬದಲಾದವು. ಓಡುವ ಎಂಜಿನ್ನಿನಿಂದ ಬ್ಯಾಟರಿ ಕಿತ್ತರೆ ವೋಲ್ಟೇಜ್ ಒಮ್ಮೆಲೆ ನೆಗೆದು ಇಂಜೆಕ್ಷನ್ ನಿಯಂತ್ರಿಸುವ ಇಸಿಯು ಸುಡಬಹುದು. ಅದರ ಬೆಲೆ ಹಲವು ಬ್ಯಾಟರಿಗಳಿಗೆ ಸಮ.

ಚಾರ್ಜ್ ಕಡಿಮೆ ಎಂದು ಗೊತ್ತಾದ ಮೇಲೆ ಮೊದಲು ನೋಡಬೇಕಾದದ್ದು ಕಾಯಿಲ್ ಅಲ್ಲ, ಕೂಡಿಕೆಗಳು. ಮುಂಡರಗಿ, ಗದಗ ಸುತ್ತಲಿನ ಎರೆಹೊಲಗಳ ದಾರಿಯಲ್ಲಿ ಮಳೆಗಾಲದ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬುತ್ತದೆ. ಶಿರಹಟ್ಟಿಯ ಕಪ್ಪತಗುಡ್ಡದ ಕಡೆ ಮಸಾರಿ ಮಣ್ಣಿನ ಸಣ್ಣ ಧೂಳು ಕಪ್ಲರುಗಳ ಸಂದಿಗೆ ಇಳಿಯುತ್ತದೆ. ಕಪ್ಲರ್ ಬಿಚ್ಚಿ ನೋಡಿದರೆ ಪಿನ್ನಿನ ಮೇಲೆ ಹಸಿರು ಕಿಲುಬು, ಪಕ್ಕದ ಪ್ಲಾಸ್ಟಿಕ್ ಕಂದಾಗಿ ಕರಗಿದ ಗುರುತು ಕಾಣಸಿಗುತ್ತವೆ. ಕರಗಿದ ಗುರುತಿದ್ದಲ್ಲಿ ಕೂಡಿಕೆ ಸಡಿಲವಾಗಿ ಕಾಯ್ದಿದೆ ಎಂದೇ ತಿಳಿಯಬೇಕು. ಕಾಯ್ದ ಜಾಗದಲ್ಲಿ ವೋಲ್ಟೇಜ್ ಸೋರುತ್ತದೆ. ಅಳೆಯುವುದು ಸುಲಭ. ಎಂಜಿನ್ ಓಡುವಾಗ ಮೀಟರಿನ ಒಂದು ಮೊನೆ ಆರ್‌ಆರ್ ಯೂನಿಟ್ಟಿನ ಔಟ್‌ಪುಟ್ ವೈರಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ. ಅಂತರ 0.2 ವೋಲ್ಟಿಗಿಂತ ಹೆಚ್ಚಿದ್ದರೆ ನಡುವಿನ ವೈರ್, ಫ್ಯೂಸ್ ಹೋಲ್ಡರ್ ಅಥವಾ ಕಪ್ಲರಿನಲ್ಲಿ ತಡೆ ಇದೆ. ಯೂನಿಟ್ಟಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ಇದೇ ಪರೀಕ್ಷೆ ಮಾಡಿದರೆ ಅರ್ಥಿಂಗ್ ದೋಷ ಸಿಗುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ತುಸು ವ್ಯಾಸಲೀನ್ ಸವರಿದರೆ ಅರ್ಧಕ್ಕರ್ಧ ಕೇಸುಗಳು ಇಲ್ಲಿಗೇ ಮುಗಿಯಬಹುದು.

ಮಣ್ಣಿನ ಇನ್ನೊಂದು ಹಾನಿ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅನೇಕ ಬೈಕುಗಳ ರೆಗ್ಯುಲೇಟರ್ ಹೆಚ್ಚಾದ ವಿದ್ಯುತ್ತನ್ನು ಕಾಯಿಲಿಗೇ ತಿರುಗಿಸಿ ಶಾರ್ಟ್ ಮಾಡುವ ಬಗೆಯದು. ಬ್ಯಾಟರಿ ತುಂಬಿದ ಮೇಲೂ ಅದು ಬಿಸಿಯಾಗುತ್ತಲೇ ಇರುತ್ತದೆ. ಅದರ ಅಲ್ಯೂಮಿನಿಯಂ ರೆಕ್ಕೆಗಳು ಇರುವುದು ಆ ಶಾಖವನ್ನು ಗಾಳಿಗೆ ಬಿಡಲು. ಒಣಗಿದ ಎರೆಮಣ್ಣು ರೆಕ್ಕೆಗಳ ಸಂದಿ ತುಂಬಿದರೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಯೂನಿಟ್ ಬೇಯುತ್ತದೆ. ಗಾಡಿ ತೊಳೆಯುವಾಗ ಆ ಜಾಗವನ್ನು ಹಳೆಯ ಬ್ರಷ್ಷಿನಿಂದ ಸ್ವಚ್ಛಮಾಡುವ ಅಭ್ಯಾಸ ಒಳ್ಳೆಯದು. ಬಿಸಿ ಯೂನಿಟ್ಟಿನ ಮೇಲೆ ತಣ್ಣೀರಿನ ಜೋರು ಪೈಪ್ ಹಿಡಿಯುವುದು ಒಳ್ಳೆಯದಲ್ಲ.

ಕೂಡಿಕೆ ಸರಿಯಿದ್ದೂ ಚಾರ್ಜ್ ಬರದಿದ್ದರೆ ಕಾಯಿಲಿನ ಕಪ್ಲರ್ ಬಿಚ್ಚಬೇಕು. ಹಲವು ಬೈಕುಗಳಲ್ಲಿ ಅಲ್ಲಿ ಒಂದೇ ಬಣ್ಣದ ಮೂರು ವೈರುಗಳಿರುತ್ತವೆ, ಹೆಚ್ಚಾಗಿ ಹಳದಿ. ಎಂಜಿನ್ ಆಫ್ ಇರುವಾಗ ಎರಡೆರಡು ವೈರುಗಳ ನಡುವಿನ ರೆಸಿಸ್ಟೆನ್ಸ್ ಒಂದು ಓಮಿನ ಆಚೀಚೆ ಇದ್ದು, ಮೂರೂ ಜೋಡಿಗಳಲ್ಲಿ ಹೆಚ್ಚು ಕಡಿಮೆ ಸಮ ಬರಬೇಕು. ಯಾವ ವೈರಿಗೂ ಎಂಜಿನ್ ಮೈಗೂ ಸಂಪರ್ಕ ತೋರಿಸಬಾರದು. ತೋರಿಸಿದರೆ ಒಳಗಿನ ವಾರ್ನಿಷ್ ಸುಟ್ಟು ಸುರುಳಿ ಬಾಡಿಗೆ ತಾಗಿದೆ. ಆಮೇಲೆ ಕಪ್ಲರ್ ಬಿಚ್ಚಿದಂತೆಯೇ ಎಂಜಿನ್ ಶುರುಮಾಡಿ ಮೀಟರನ್ನು ಎಸಿಗೆ ತಿರುಗಿಸಿ ಅಳೆದರೆ ವೋಲ್ಟೇಜ್ ವೇಗದ ಜೊತೆ ಏರುತ್ತ ಹೋಗಬೇಕು. ರೇಸ್ ಕೊಟ್ಟಾಗ 50 ವೋಲ್ಟ್ ದಾಟುವ ಗಾಡಿಗಳೂ ಇವೆ, ಆದ್ದರಿಂದ ಬರಿಗೈ ತಾಗಿಸಬಾರದು. ನಿಖರ ಅಂಕಿ ಆಯಾ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ಮೂರರಲ್ಲಿ ಒಂದು ಜೋಡಿ ಮಾತ್ರ ಕಡಿಮೆ ತೋರಿಸಿದರೂ ಕಾಯಿಲ್ ಹೋಗಿದೆ. ಮೂರೂ ಸರಿಯಿದ್ದರೆ ಉಳಿಯುವುದು ಆರ್‌ಆರ್ ಯೂನಿಟ್ ಒಂದೇ. ಚೆನ್ನಾಗಿರುವ ಇನ್ನೊಂದು ಯೂನಿಟ್ ಹಾಕಿ ನೋಡುವುದು ಅದಕ್ಕೆ ನಂಬಿಕೆಯ ಪರೀಕ್ಷೆ.

ಎಲ್ಲ ಭಾಗಗಳೂ ನೆಟ್ಟಗಿದ್ದು ಬ್ಯಾಟರಿ ಮಾತ್ರ ಇಳಿಯುವುದುಂಟು. ಆಗ ಜಮಾ-ಖರ್ಚು ನೋಡಬೇಕು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯಬೇಕೆಂಬ ನಿಯಮವಿದೆ. 35 ವ್ಯಾಟಿನ ಬಲ್ಬ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ಅದರ ಮೇಲೆ ಎಲ್‌ಇಡಿ ಫೋಕಸ್ ಲೈಟ್, ಜೋಡಿ ಹಾರ್ನ್, ಮೊಬೈಲ್ ಚಾರ್ಜರ್ ಸೇರಿದರೆ ನಿಧಾನ ವೇಗದಲ್ಲಿ ಕಾಯಿಲ್ ಕೊಡುವುದಕ್ಕಿಂತ ಖರ್ಚೇ ಹೆಚ್ಚಾಗುತ್ತದೆ. ಗದಗ ಪೇಟೆಯಿಂದ ಬೆಟಗೇರಿಗೆ ದಿನಕ್ಕೆ ಹತ್ತು ಸಲ ಸೆಲ್ಫ್ ಒತ್ತಿ ಓಡಾಡುವ ಬೈಕಿಗೆ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಪುರುಸೊತ್ತಿಲ್ಲ. ಅದೇ ಬೈಕ್ ಲಕ್ಷ್ಮೇಶ್ವರದ ರಸ್ತೆ ಹಿಡಿದು ಒಂದೇ ವೇಗದಲ್ಲಿ ಓಡಿದರೆ ತುಂಬಿಕೊಳ್ಳುತ್ತದೆ.

ಗಾಡಿ ನಿಂತಲ್ಲೇ ಚಾರ್ಜ್ ಇಳಿಯುತ್ತಿದ್ದರೆ ಮೈನಸ್ ವೈರ್ ಬಿಚ್ಚಿ, ಅದರ ಮತ್ತು ಟರ್ಮಿನಲ್ಲಿನ ನಡುವೆ ಮೀಟರನ್ನು ಆಂಪಿಯರ್ ಸ್ಥಾನದಲ್ಲಿ ಇಡಬೇಕು. ಕೀ ಆಫ್ ಇದ್ದಾಗ ಕೆಲವೇ ಮಿಲಿಆಂಪಿಯರ್ ಹರಿದರೆ ಸಹಜ. ನೂರರ ಲೆಕ್ಕದಲ್ಲಿ ಹರಿದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಸೋರುವ ದಾರಿ ಹಿಡಿಯಬಹುದು. ಕೀ ಸ್ವಿಚ್ ತಪ್ಪಿಸಿ ನೇರ ಬ್ಯಾಟರಿಗೆ ಕೊಟ್ಟ ಹೆಚ್ಚುವರಿ ವೈರಿಂಗ್ ಮೇಲೆ ಮೊದಲ ಅನುಮಾನ ಇರಲಿ. ಮೀಟರ್ ಹೀಗಿರುವಾಗ ಸೆಲ್ಫ್ ಒತ್ತಿದರೆ ಮೀಟರಿನ ಫ್ಯೂಸೇ ಹೋಗುತ್ತದೆ.

ಟ್ರ್ಯಾಕ್ಟರಿನಲ್ಲಿ ಮ್ಯಾಗ್ನೆಟ್ ಬದಲು ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಇರುತ್ತದೆ. ಅಳೆಯುವ ಕ್ರಮ ಮತ್ತು ಅಂಕಿಗಳು ಬಹುಪಾಲು ಅವೇ. ರಾಶಿಯ ಕಾಲದ ಹೊಟ್ಟು, ಧೂಳು ಬಡಿದು ಬೆಲ್ಟ್ ಸಡಿಲವಾಗಿದ್ದರೆ ಅದು ಜಾರುತ್ತದೆ, ಚಾರ್ಜ್ ಕುಸಿಯುತ್ತದೆ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟ್ ಒಂದು, ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ತಗ್ಗಬಾರದು. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪವನ್ನೂ ಗಮನಿಸಬೇಕು: ಕೀ ತಿರುಗಿಸಿದಾಗ ಅದು ಹತ್ತಬೇಕು, ಎಂಜಿನ್ ಶುರುವಾದಾಗ ಆರಬೇಕು. ಅನೇಕ ಆಲ್ಟರ್ನೇಟರುಗಳಿಗೆ ಕೆಲಸ ಆರಂಭಿಸಲು ಬೇಕಾದ ಮೊದಲ ಅಲ್ಪ ಕರೆಂಟ್ ಹೋಗುವುದು ಈ ದೀಪದ ಮೂಲಕವೇ. ಸುಟ್ಟುಹೋದ ಆ ಪುಟ್ಟ ಬಲ್ಬನ್ನು ಬದಲಿಸದೆ ಆಲ್ಟರ್ನೇಟರನ್ನೇ ಬಿಚ್ಚಿ ರಿಪೇರಿಗೆ ಕಳಿಸಿದರೆ ಅಲ್ಲಿ ಅದರಲ್ಲಿ ಯಾವ ದೋಷವೂ ಸಿಗುವುದಿಲ್ಲ.