ಬೆನ್ನ ಮೇಲಿನ ಬಟ್ಟಲು, ಬನ್ನಿ ಮರದ ನೆರಳು

ಆಸ್ಪತ್ರೆಯ ಫಾರ್ಮಸಿ ಕಿಟಕಿಯಲ್ಲಿ ನಿಂತವನಿಗೆ ಕೆಲವು ಪ್ರಶ್ನೆಗಳು ವರ್ಷವಿಡೀ ಎದುರಾಗುತ್ತವೆ. ಊರಿಗೆ ಹೋಗ್ತಿದ್ದೀನಿ, ಮೂರು ತಿಂಗಳ ಔಷಧಿ ಒಟ್ಟಿಗೇ ಕೊಡ್ತೀರಾ? ಇನ್ಶೂರೆನ್ಸ್‌ನವರು ಇದಕ್ಕೆ ಯಾಕೆ ಒಪ್ಪಲಿಲ್ಲ? ಈಗೀಗ ಇವುಗಳ ಜೊತೆ ಇನ್ನೊಂದು ಸೇರಿಕೊಂಡಿದೆ. "ಹಿಜಾಮ ಮಾಡಿಸ್ಕೊಂಡ್ರೆ ಬಿ.ಪಿ. ಮಾತ್ರೆ ಬಿಡಬಹುದಾ ಸರ್?" ಹುಬ್ಬಳ್ಳಿ, ಗದಗ ಕಡೆಯವರಾದರೆ "ಈ ಗುಳಿಗಿ ಬಿಡಬಹುದೇನ್ರೀ?" ಎನ್ನುತ್ತಾರೆ. ಉತ್ತರ ಎರಡು ಕಡೆಯವರಿಗೂ ಒಂದೇ: ಬಿಡಬಾರದು. ಆದರೆ ಆ ಪ್ರಶ್ನೆಯ ಹಿಂದೆ ಇರುವ ಬೆನ್ನುನೋವು ಸುಳ್ಳಲ್ಲ, ಬೇಸರವೂ ಸುಳ್ಳಲ್ಲ. ಹಾಗಾಗಿ ಸಂಘದವರು ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಇದನ್ನೇ ಬರೆಯೋಣ ಎನಿಸಿತು.

ನಾನು ಡಿ.ಫಾರ್ಮಾ ಓದಿದವನು, ವೈದ್ಯನಲ್ಲ. ರೋಗ ಯಾವುದೆಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಯಾರು ಯಾವ ಮಾತ್ರೆಯನ್ನು ಒಯ್ಯುತ್ತಾರೆ, ಯಾರು ಒಯ್ಯುವುದನ್ನು ನಿಲ್ಲಿಸಿದರು ಎಂಬುದು ಎಷ್ಟೋ ಸಲ ಕಿಟಕಿಯ ಒಳಗಿರುವವನಿಗೇ ಮೊದಲು ತಿಳಿಯುತ್ತದೆ. ಈ ಊರಿನಲ್ಲಿ ನೋವಿನ ಮಾತ್ರೆ ಖರ್ಚಾಗುವ ಪರಿಯನ್ನೂ ದಿನಾ ನೋಡುತ್ತೇನೆ. ಶಾರ್ಜಾದಿಂದ ದುಬೈಗೆ ಟ್ರಾಫಿಕ್ಕಿನಲ್ಲಿ ಕೂತು ಬರುವವರು, ಟ್ರೈಲರ್ ಓಡಿಸುವವರು, ಟೈಲರಿಂಗ್ ಅಂಗಡಿಯಲ್ಲಿ ಬೆನ್ನು ಬಗ್ಗಿಸಿದವರು, ಸೈಟಿನಲ್ಲಿ ಕಬ್ಬಿಣ ಹೊರುವವರು, ಎಲ್ಲರ ಸೊಂಟಕ್ಕೂ ಅದೇ ಡೈಕ್ಲೋಫೆನಾಕ್, ಅದೇ ಐಬುಪ್ರೊಫೆನ್. ಬಿಸಿಲಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದು, ಅದರ ಮೇಲೆ ದಿನವೂ ಈ ಮಾತ್ರೆ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಬಿ.ಪಿ. ಕೂಡ ಏರಬಹುದು. ಆದ್ದರಿಂದ ಮಾತ್ರೆ ಸಾಕಾಯಿತು ಎಂದು ಬೇರೆ ದಾರಿ ಹುಡುಕುವವರನ್ನು ನಾನು ಬೈಯುವುದಿಲ್ಲ.

ಹಿಜಾಮ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಚರ್ಮದ ಮೇಲೆ ಸಣ್ಣ ಬಟ್ಟಲು ಕವುಚಿಟ್ಟು, ಕೈಪಂಪಿನಿಂದ ಒಳಗಿನ ಗಾಳಿ ಎಳೆದರೆ ಚರ್ಮ ಉಬ್ಬಿ ಬಟ್ಟಲೊಳಗೆ ಏಳುತ್ತದೆ. ಕೆಲವು ನಿಮಿಷ ಹಾಗೇ ಬಿಟ್ಟು ತೆಗೆದರೆ ಅದು ಒಣ ಕಪ್ಪಿಂಗ್. ಆ ಜಾಗದಲ್ಲಿ ಬ್ಲೇಡಿನಿಂದ ತೆಳುವಾಗಿ ಗೀರಿ, ಮತ್ತೆ ಬಟ್ಟಲಿಟ್ಟು ಸ್ವಲ್ಪ ರಕ್ತ ಎಳೆದರೆ ಅದು ಹಿಜಾಮ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ನೇರಳೆ ಬಣ್ಣದ ಚಕ್ರಗಳಿದ್ದವಲ್ಲ, ಅದು ಕಪ್ಪಿಂಗಿನ ಗುರುತು. ಇಸ್ಲಾಂ ಪರಂಪರೆಯಲ್ಲಿ ಹಿಜಾಮಕ್ಕೆ ಗೌರವದ ಸ್ಥಾನವಿದೆ. ಹಿಜರಿ ತಿಂಗಳ 17, 19, 21ನೇ ದಿನಗಳು ಅದಕ್ಕೆ ಒಳ್ಳೆಯವೆಂಬ ನಂಬಿಕೆಯೂ ಇದೆ. ನಮಗೂ ಇದು ತೀರಾ ಹೊರಗಿನದ್ದಲ್ಲ. ಸುಶ್ರುತ ಸಂಹಿತೆಯಲ್ಲಿ ರಕ್ತ ತೆಗೆಯಲು ಮೂರು ಸಾಧನಗಳ ಮಾತು ಬರುತ್ತದೆ: ಕೊಂಬು, ಸೋರೆ ಬುರುಡೆ, ಜಿಗಣೆ. ಸೋರೆ ಬುರುಡೆಯ ಜಾಗದಲ್ಲಿ ಇಂದು ಪ್ಲಾಸ್ಟಿಕ್ ಕಪ್ ಬಂದಿದೆ ಎಂದುಕೊಳ್ಳಿ.

ಫಲ ಇದೆಯೇ? ಕುತ್ತಿಗೆ ನೋವು, ಸೊಂಟ ನೋವಿಗೆ ಕೆಲವು ದಿನಗಳ ಮಟ್ಟಿಗೆ ಉಪಶಮನ ಸಿಗುತ್ತದೆ ಎನ್ನುವ ಅಧ್ಯಯನಗಳಿವೆ. ಅವು ಹೆಚ್ಚಿನವು ಸಣ್ಣವು. ಬೆನ್ನ ಮೇಲೆ ಬಟ್ಟಲು ಇಟ್ಟಿದ್ದಾರೋ ಇಲ್ಲವೋ ಎಂಬುದನ್ನು ರೋಗಿಗೆ ತಿಳಿಯದಂತೆ ಮಾಡಲು ಆಗುವುದಿಲ್ಲ, ಹಾಗಾಗಿ ಮಾತ್ರೆಯನ್ನು ಪರೀಕ್ಷಿಸಿದಷ್ಟು ಖಚಿತವಾಗಿ ಇದನ್ನು ಪರೀಕ್ಷಿಸುವುದು ಕಷ್ಟ. ನೋವಿಗೆ ಸ್ವಲ್ಪ ಆರಾಮ, ಸರಿ. ಆದರೆ ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್ ಇವಕ್ಕೆ ಹಿಜಾಮ ಔಷಧಿಯ ಬದಲಿಯಲ್ಲ. "ಕೆಟ್ಟ ರಕ್ತ ಹೊರಗೆ ಬಂತು, ನೋಡಿ ಹೇಗೆ ಗಟ್ಟಿಯಾಗಿ ಕಪ್ಪಗಿದೆ" ಎಂದು ಫೋನಿನಲ್ಲಿ ಫೋಟೊ ತೋರಿಸುವವರಿದ್ದಾರೆ. ಯಾರ ರಕ್ತವಾದರೂ ಹೊರಗೆ ಬಂದು ಬಟ್ಟಲಲ್ಲಿ ನಿಂತರೆ ಹಾಗೆಯೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದಿದ್ದರೆ ಚಿಂತೆ ಮಾಡಬೇಕು! ದೇಹದ ಕಸ ತೆಗೆಯುವ ಕೆಲಸವನ್ನು ಲಿವರ್ ಮತ್ತು ಕಿಡ್ನಿ ಸಂಬಳ ಕೇಳದೆ ಮಾಡುತ್ತಿವೆ.

ಟ್ರೈಲರ್ ಓಡಿಸುವ ನಮ್ಮ ಕಡೆಯ ಒಬ್ಬರು ಪ್ರತಿ ತಿಂಗಳು ಬಿ.ಪಿ. ಮಾತ್ರೆಗೆ ಬರುತ್ತಿದ್ದರು. ಎರಡು ತಿಂಗಳು ಕಾಣಲಿಲ್ಲ. ಮೂರನೆಯ ತಿಂಗಳು ತಲೆನೋವು ಎಂದು ಎಮರ್ಜೆನ್ಸಿಗೆ ಬಂದು, ಅಲ್ಲಿಂದ ಚೀಟಿ ಹಿಡಿದು ಕಿಟಕಿಗೆ ಬಂದರು. ಮೇಲಿನ ಬಿ.ಪಿ. 200ರ ಹತ್ತಿರ ಹೋಗಿತ್ತಂತೆ. ಹಿಜಾಮದ ನಂತರ ಕುತ್ತಿಗೆ ಹಗುರಾಯಿತು, ತಲೆ ಭಾರ ಹೋಯಿತು, ಹಾಗಾಗಿ ಬಿ.ಪಿ.ಯೂ ಹೋಯಿತೆಂದು ಮಾತ್ರೆ ಬಿಟ್ಟಿದ್ದರು. ಬಿ.ಪಿ. ಹೆಚ್ಚಿದ್ದರೂ ಮೈಗೆ ಏನೂ ಅನಿಸದಿರಬಹುದು, ಅದರ ಕೆಟ್ಟ ಗುಣವೇ ಅದು. ಪುಣ್ಯಕ್ಕೆ ಅವರಿಗೆ ಪಾರ್ಶ್ವವಾಯು ಬಡಿಯಲಿಲ್ಲ. ರಸ್ತೆಯಲ್ಲಿ ಆ ಟ್ರೈಲರಿನ ಹಿಂದೆಮುಂದೆ ಇದ್ದವರ ಪುಣ್ಯವೂ ಹೌದು.

ಇದಕ್ಕಿಂತ ನನ್ನನ್ನು ಹೆದರಿಸುವುದು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಅವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ ಅಥವಾ ಅಂಥದೇ ಮಾತ್ರೆ ಇರುತ್ತದೆ. ಇನ್ನು ಕೆಲವರಿಗೆ ವಾರ್ಫರಿನ್, ಅಪಿಕ್ಸಬಾನ್, ರಿವರಾಕ್ಸಬಾನ್. ಎಲ್ಲವನ್ನೂ ನಾವು ಆಡುಮಾತಿನಲ್ಲಿ 'ರಕ್ತ ತೆಳು ಮಾಡುವ ಮಾತ್ರೆ' ಎನ್ನುತ್ತೇವೆ. ಇವನ್ನು ತೆಗೆದುಕೊಳ್ಳುವವರಿಗೆ ಗೀರಿದ ಜಾಗದಲ್ಲಿ ರಕ್ತ ಬೇಗ ನಿಲ್ಲದಿರಬಹುದು. ಹಾಗಾಗಿ ಯಾರೋ "ಹಿಜಾಮಕ್ಕೆ ಮೊದಲು ಮೂರು ದಿನ ಆ ಮಾತ್ರೆ ನಿಲ್ಲಿಸಿ ಬನ್ನಿ" ಎಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಸ್ಟೆಂಟ್ ಇರುವವರು ಆ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ನಿಮ್ಮ ಹೃದಯದ ಡಾಕ್ಟರು ಹೇಳದೆ ಒಂದು ದಿನವೂ ಬಿಡಬಾರದು. ಅಂಥವರಿಗೆ ಹಿಜಾಮವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಸಕ್ಕರೆ ನಿಯಂತ್ರಣದಲ್ಲಿಲ್ಲದವರಿಗೆ ಗಾಯ ಮಾಯಲು ತಡ, ಕೀವಾಗುವ ಭಯ. ರಕ್ತಹೀನತೆ ಇರುವವರು, ಗರ್ಭಿಣಿಯರು ದೂರವಿರುವುದು ಒಳ್ಳೆಯದು. ಪದೇಪದೇ ಹಿಜಾಮ ಮಾಡಿಸಿಕೊಂಡು ಕಬ್ಬಿಣಾಂಶ ಕಡಿಮೆಯಾದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಮತ್ತೊಂದು ಮಾತು, ಎಡಭುಜ ಅಥವಾ ಎದೆ ಹಿಂಡಿದಂತಾಗಿ ಬೆವರು ಬಂದರೆ ಅದು ಬಟ್ಟಲಿನ ಕೆಲಸವಲ್ಲ, 998ಕ್ಕೆ ಫೋನ್ ಮಾಡಿ ಆಂಬ್ಯುಲೆನ್ಸ್ ಕರೆಸುವ ಕೆಲಸ. ಸೊಂಟ ನೋವಿನ ಜೊತೆ ಕಾಲು ಜೋಮು ಹಿಡಿದು, ಮೂತ್ರ ಹಿಡಿತ ತಪ್ಪಿದರೂ ಅಷ್ಟೇ, ಅದೇ ದಿನ ಆಸ್ಪತ್ರೆ.

ಇನ್ನು ಬೆಡ್‌ಸ್ಪೇಸ್ ರೂಮಿನ ಹಿಜಾಮ. "ನಮ್ಮ ರೂಮ್‌ಮೇಟಿಗೆ ಬರುತ್ತೆ, ಇಪ್ಪತ್ತೇ ದಿರ್ಹಮ್" ಎನ್ನುತ್ತಾರೆ. ಒಂದೇ ಕಪ್ಪಿನ ಸೆಟ್ಟನ್ನು ಬಿಸಿನೀರಲ್ಲಿ ತೊಳೆದು ನಾಲ್ಕು ಜನಕ್ಕೆ ಬಳಸಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ದಾಟಲು ಅಷ್ಟು ಸಾಕು. ವೀಸಾ ನವೀಕರಣದ ವೈದ್ಯಕೀಯ ಪರೀಕ್ಷೆಯ ಮೇಲೆ ಇಡೀ ಮನೆಯ ಅನ್ನ ನಿಂತಿರುವ ನಮಗೆ ಈ ಇಪ್ಪತ್ತು ದಿರ್ಹಮ್ ಅಗ್ಗವಲ್ಲ. ಯುಎಇಯಲ್ಲಿ ಹಿಜಾಮ ಮಾಡುವವರಿಗೆ ಸರ್ಕಾರದ ಲೈಸೆನ್ಸ್ ಇರಬೇಕು. ದುಬೈಯಲ್ಲಾದರೆ ದುಬೈ ಹೆಲ್ತ್ ಅಥಾರಿಟಿಯದ್ದು, ಅಬುಧಾಬಿಯಲ್ಲಿ ಅಲ್ಲಿನ ಆರೋಗ್ಯ ಇಲಾಖೆಯದ್ದು. ಗೋಡೆಯ ಮೇಲೆ ಅದು ಇದೆಯೇ ನೋಡಿ. ಬ್ಲೇಡು, ಕಪ್ಪು ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ಟಿನಿಂದ ಬರಲಿ. ನೀವು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಕೇಳದವರ ಮುಂದೆ ಅಂಗಿ ಬಿಚ್ಚಬೇಡಿ. ಹಾಗೇ, ನಮ್ಮ ಸಂಘಗಳು ನಡೆಸುವ ರಕ್ತದಾನ ಶಿಬಿರಕ್ಕೆ ಬರುವವರು ಹಿಜಾಮ ಮಾಡಿಸಿದ್ದರೆ ಮುಚ್ಚಿಡದೆ ಹೇಳಿ. ಸ್ವಲ್ಪ ಕಾಲ ಕಾಯಲು ಹೇಳಬಹುದು, ಅದರಲ್ಲಿ ಅವಮಾನವೇನಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹಿಜಾಮ ಮಾಡಿಸಿಕೊಂಡು ಬಂದವರ ಮುಖದಲ್ಲಿ ನಿಜಕ್ಕೂ ಒಂದು ಹಗುರ ಇರುತ್ತದೆ. ಅದು ಎಲ್ಲಿಂದ ಬಂತು? ಬಟ್ಟಲಿನ ಪಾಲು ಇರಬಹುದು. ಆದರೆ ಯೋಚಿಸಿ ನೋಡಿ: ಒಂದು ಗಂಟೆ ಫೋನ್ ದೂರ ಇಟ್ಟು ಕವುಚಿ ಮಲಗಿದ್ದಾರೆ. ಎಲ್ಲಿ ನೋವು ಎಂದು ಒಬ್ಬರು ಸಾವಧಾನದಿಂದ ಕೇಳಿದ್ದಾರೆ. ಬೆನ್ನಿನ ಮೇಲೆ ಕೈ ಇಟ್ಟಿದ್ದಾರೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಬ್ಯಾಚಲರ್ ಒಬ್ಬನ ಬೆನ್ನನ್ನು ಆ ಎರಡು ವರ್ಷದಲ್ಲಿ ಬೇರೆ ಯಾರು ಮುಟ್ಟಿದ್ದಾರೆ? ಊರಿನಲ್ಲಿದ್ದರೆ ದೀಪಾವಳಿಯ ಬೆಳಿಗ್ಗೆ ಅಮ್ಮನಾದರೂ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಆ ವಿಶ್ರಾಂತಿಗೆ ಬ್ಲೇಡು ಬೇಕಾಗಿಲ್ಲ.

ಮರಗಳ ಬಗ್ಗೆ ನಾನು ಓದಿದ ಅಧ್ಯಯನಗಳಲ್ಲಿ ಫಾರ್ಮಸಿಯವನಾದ ನನಗೆ ಬಹಳ ಹಿಡಿಸಿದ್ದು ಒಂದು. ರೋಜರ್ ಅಲ್ರಿಕ್ ಎಂಬವರು 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆಗಳನ್ನು ಅವರು ಜೋಡಿ ಜೋಡಿಯಾಗಿ ಹೋಲಿಸಿದರು. 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದ 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡರು. ಸಣ್ಣ ಅಧ್ಯಯನವೇ, ಒಪ್ಪುತ್ತೇನೆ. ಆದರೂ ದಿನವಿಡೀ ನೋವಿನ ಮಾತ್ರೆ ಎಣಿಸಿ ಕೊಡುವವನು ಅದನ್ನು ಮರೆಯುವುದು ಹೇಗೆ? ಜಪಾನಿನ ಅರಣ್ಯ ಇಲಾಖೆ 1982ರಲ್ಲೇ ಕಾಡಿನಲ್ಲಿ ಸುಮ್ಮನೆ ಅಡ್ಡಾಡುವುದಕ್ಕೆ 'ಶಿನ್‌ರಿನ್ ಯೋಕು', ಅಂದರೆ ಕಾಡಿನ ಸ್ನಾನ ಎಂದು ಹೆಸರಿಟ್ಟು ಜನರನ್ನು ಕರೆಯಿತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದವರು, ವಾರಕ್ಕೆ 120 ನಿಮಿಷ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎನ್ನುವುದು ಹೆಚ್ಚು ಎಂದು ಕಂಡುಕೊಂಡರು. ಗಟ್ಟಿಮುಟ್ಟಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂಬುದೂ ಅದರಲ್ಲಿ ಸೇರಿರಬಹುದು. ಎರಡು ಗಂಟೆಯನ್ನು ಒಂದೇ ಸಲ ಕಳೆದರೂ, ಬಿಡಿಬಿಡಿಯಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲವಂತೆ. ಡ್ಯೂಟಿಯವರಿಗೆ ಅನುಕೂಲದ ಮಾತು.

ಮರುಭೂಮಿಯಲ್ಲಿ ಕಾಡೆಲ್ಲಿ ಎನ್ನುತ್ತೀರಿ. ದುಬೈಯ ಹಳೆಯ ಪಾರ್ಕುಗಳಲ್ಲಿ ಒಂದಾದ ಮುಶ್ರಿಫ್ ಪಾರ್ಕಿಗೆ ಚಳಿಗಾಲದ ಒಂದು ಬೆಳಿಗ್ಗೆ ಹೋಗಿ. ಅಲ್ಲಿರುವ ಗಾಫ್ ಮರಗಳನ್ನು ಹತ್ತಿರದಿಂದ ನೋಡಿ: ಸಣ್ಣ ಎಲೆ, ಚಿಕ್ಕ ಮುಳ್ಳು, ಬಾಗಿದ ಟೊಂಗೆ. ಎಲ್ಲೋ ನೋಡಿದ್ದೇನೆ ಎನಿಸುತ್ತದೆ. ಅದು ನಮ್ಮ ಬನ್ನಿ. ವಿಜಯದಶಮಿಯಂದು ಎಲೆ ಹಂಚಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುತ್ತೇವಲ್ಲ, ಶಮೀ ಎನ್ನುತ್ತೇವಲ್ಲ, ಅದೇ ಜಾತಿಯ ಮರ. 2008ರಲ್ಲಿ ಯುಎಇ ಇದನ್ನು ರಾಷ್ಟ್ರೀಯ ಮರವೆಂದು ಘೋಷಿಸಿತು. ಬೇರು ಆಳಕ್ಕಿಳಿದು ನೀರು ಹುಡುಕುತ್ತದೆ, ಹಾಗಾಗಿ ಮಳೆ ಮರೆತ ಮರಳಿನಲ್ಲೂ ಹಸಿರಾಗಿರುತ್ತದೆ. ದಸರಾಕ್ಕೆಂದು ಟೊಂಗೆ ಮುರಿಯಲು ಮಾತ್ರ ಕೈಚಾಚಬೇಡಿ, ನೆರಳಿಗೆ ಕೂತು ಬನ್ನಿ.

ಕಾರಿಲ್ಲದವರಿಗೆ ಕ್ರೀಕ್ ಪಾರ್ಕ್ ಇದೆ. ಗ್ರೀನ್ ಲೈನ್ ಮೆಟ್ರೊದಲ್ಲಿ ಹೆಲ್ತ್‌ಕೇರ್ ಸಿಟಿ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗುವಷ್ಟೇ ದೂರ. ಕ್ರೀಕಿನ ತುದಿಯ ರಾಸ್ ಅಲ್ ಖೋರ್‌ನಲ್ಲಿ ಚಳಿಗಾಲದಲ್ಲಿ ಫ್ಲೆಮಿಂಗೊಗಳು ಸಾಲುಗಟ್ಟಿ ನಿಂತಿರುತ್ತವೆ, ಹಿಂದೆ ಬುರ್ಜ್ ಖಲೀಫ. ಕುಂದಾಪುರ, ಹೊನ್ನಾವರದವರಿಗೆ ಕಾಂಡ್ಲಾ ಕಾಡಿನ ನೆನಪಾದರೆ ಕಲ್ಬಾಕ್ಕೋ ಅಬುಧಾಬಿಯ ಜುಬೈಲ್ ಮ್ಯಾಂಗ್ರೋವ್ ಪಾರ್ಕಿಗೋ ಹೋಗಬಹುದು. ಅದೇ ಕೆಸರಿನ ವಾಸನೆ, ಅದೇ ಏಡಿಗಳು. ಅಲ್ ಐನ್ ಓಯಸಿಸ್‌ನಲ್ಲಿ ಖರ್ಜೂರದ ತೋಟದ ನಡುವೆ ಫಲಜ್ ಕಾಲುವೆಗಳಲ್ಲಿ ನೀರು ಹರಿಯುವುದನ್ನು ನೋಡುತ್ತಾ ನಡೆದರೆ ಅಡಿಕೆ ತೋಟದವರಿಗೆ ಮನೆಗೆ ಹೋದಂತಾಗುತ್ತದೆ. ಅಲ್ ಐನ್ 2011ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಶಾರ್ಜಾದ ರೋಲಾದಲ್ಲಿರುವವರು ಇಷ್ಟಾದರೂ ತಿಳಿದಿರಲಿ: ಆ ಹೆಸರು ಬಂದದ್ದು ಅಲ್ಲಿ ಹಿಂದೆ ಇದ್ದ ಒಂದು ದೊಡ್ಡ ಆಲದ ಮರದಿಂದ. ಮರ ಹೋಯಿತು, ಹೆಸರು ಉಳಿಯಿತು. ಶುಕ್ರವಾರ ಸಂಜೆ ಊರವರೆಲ್ಲ ಸೇರುವುದು ಇನ್ನೂ ಅಲ್ಲಿಯೇ!

ಇದೆಲ್ಲ ನವೆಂಬರಿನಿಂದ ಮಾರ್ಚ್‌ವರೆಗಿನ ಮಾತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರವೇ ನಿಯಮ ಮಾಡಿರುವಾಗ ನಾವು ಆ ಹೊತ್ತಿನಲ್ಲಿ ಪ್ರಕೃತಿ ಎಂದು ಹೊರಡುವುದು ಬೇಡ. ಬೇಸಿಗೆಯಲ್ಲಿ ಬೆಳಗಿನ ಬಾಂಗಿನ ಹೊತ್ತಿಗೆ ಅರ್ಧ ಗಂಟೆ ಸಾಕು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯಬೇಕೆಂದು ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಸದಾ ಆಫೀಸಿನಲ್ಲಿರುವವರಿಗೆ ಇನ್ನೊಂದು ಕಿವಿಮಾತು: ಗಾಜಿನ ಮೂಲಕ ಬೀಳುವ ಬಿಸಿಲು ವಿಟಮಿನ್ ಡಿ ಕೊಡುವುದಿಲ್ಲ. ಇಷ್ಟು ಬಿಸಿಲಿನ ದೇಶದಲ್ಲಿದ್ದೂ ನಾವು ವಿಟಮಿನ್ ಡಿ ಕ್ಯಾಪ್ಸೂಲಿಗೆ ಸಾಲು ನಿಲ್ಲುವುದು ಅದಕ್ಕೇ. ಆ 50,000 ಯೂನಿಟ್ಟಿನ ಕ್ಯಾಪ್ಸೂಲ್ ಸಾಮಾನ್ಯವಾಗಿ ವಾರಕ್ಕೊಂದು. ದಿನಕ್ಕೊಂದು ನುಂಗಿ ಖಾಲಿ ಮಾಡಿ ಬರುವವರನ್ನೂ ಕಂಡಿದ್ದೇನೆ, ಹಾಗೆ ಮಾಡಬೇಡಿ.

ಮುಂದಿನ ಚಳಿಗಾಲದಲ್ಲಿ ರಜೆಯ ದಿನ ಸಿಕ್ಕಾಗ ರೂಮಿನ ನಾಲ್ಕು ಜನ ಒಂದು ಕಾರು ಮಾಡಿಕೊಂಡು ಮುಶ್ರಿಫ್‌ಗೆ ಹೋಗುವ ಖರ್ಚನ್ನು ಲೆಕ್ಕ ಹಾಕಿ. ಫ್ಲಾಸ್ಕಿನಲ್ಲಿ ಚಹಾ, ಒಂದು ಚಾಪೆ, ಮಧ್ಯಾಹ್ನಕ್ಕೆ ಚಿತ್ರಾನ್ನ. ಹೊರಡುವ ಮುನ್ನ ಬೆಳಗಿನ ಮಾತ್ರೆ ತೆಗೆದುಕೊಂಡೇ ಹೊರಡಿ.