ಮೈ ಹಿಡಿದ ಮೂರನೆಯ ದಿನ

ಪೊಲೀಸ್ ಭರ್ತಿಯ ಸುದ್ದಿ ಬಂತೆಂದರೆ ಭಾಲ್ಕಿ, ಔರಾದ್ ಕಡೆಯ ಹುಡುಗರು ಒಮ್ಮೆಲೇ ಮೈದಾನಕ್ಕೂ ಜಿಮ್ಮಿಗೂ ಇಳಿಯುತ್ತಾರೆ. ಪೇದೆಯ ಹುದ್ದೆಗೆ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ತೊಡೆಗೆ ಕಸುವು ಬರಲೆಂದು ಮೊದಲ ದಿನವೇ ನೂರು ಬೈಠಕ್, ಅದರ ಮೇಲೆ ಬಾರ್ ಹೊತ್ತು ಸ್ಕ್ವಾಟ್. ಮರುದಿನ ಹೇಗೋ ನಡೆದೀತು. ಮೂರನೆಯ ದಿನ ಸಂಡಾಸಿನಲ್ಲಿ ಕೂತವನಿಗೆ ಏಳಲು ಗೋಡೆ ಬೇಕು. ‘ಮೈ ಹಿಡಿದದ, ನೋವು ಇಳೀಲಿ’ ಎಂದು ಜಿಮ್ ಬಿಡುತ್ತಾನೆ. ನಡುವೆ ಒಂದು ಮದುವೆ, ಆಮೇಲೆ ಸೋಯಾ ರಾಶಿ. ವಾರ ಹೋಗಿ ತಿಂಗಳುಗಳಾಗುತ್ತವೆ. ಮತ್ತೆ ಬಂದಾಗ ಹೋದ ದಿನಗಳನ್ನೆಲ್ಲ ಒಂದೇ ಸಂಜೆಯಲ್ಲಿ ತುಂಬಿಸಿಕೊಳ್ಳುವ ಹಟ, ಮತ್ತೆ ಅದೇ ಗೋಡೆ. ವರ್ಷದ ಫೀಸು ಕಟ್ಟಿಯೂ ಇಂಥವರು ಮಾಡುವುದು ಬರೀ ಮೊದಲ ದಿನದ ವ್ಯಾಯಾಮ.

ಈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಟ್ರೇನರ್‌ಗಳು ಇಂದಿಗೂ ಹೇಳುವುದುಂಟು. ಸರಿಯಲ್ಲ. ವ್ಯಾಯಾಮದ ಹೊತ್ತಿನಲ್ಲಿ ಹೆಚ್ಚಾದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ನೋವು ಏರುವುದು 24ರಿಂದ 72 ಗಂಟೆಗಳ ನಡುವೆ. ಅಮೆರಿಕದ ಥಿಯೋಡರ್ ಹೊ 1902ರಲ್ಲೇ ಇದು ಸ್ನಾಯುವಿನೊಳಗಿನ ಸಣ್ಣ ಸೀಳುಗಳ ನೋವಿರಬೇಕು ಎಂದು ಊಹಿಸಿದ್ದರು. 1981ರಲ್ಲಿ ಸ್ವೀಡನ್ನಿನ ಸಂಶೋಧಕರು ಮೆಟ್ಟಿಲು ಇಳಿಸಿ ಇಳಿಸಿ ದಣಿಸಿದವರ ಕಾಲಿನ ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸಾಲಾಗಿ ಇರಬೇಕಾದ ಎಳೆಗಳ ಅಡ್ಡಗೆರೆಗಳು ಅಲ್ಲಲ್ಲಿ ಚದುರಿದ್ದವು. ಗಮನಿಸಿ, ಅವರು ಹತ್ತಿಸಲಿಲ್ಲ, ಇಳಿಸಿದರು. ಬೈಠಕ್‌ನಲ್ಲಿ ಏಳುವಾಗ ಏದುಸಿರು ಬರುತ್ತದೆ ನಿಜ, ಆದರೆ ಮೂರನೆಯ ದಿನದ ನೋವಿನ ಬೀಜ ಇರುವುದು ಕೂರುವಾಗ. ಮೈಭಾರವನ್ನು ಹಿಡಿದುಕೊಂಡೇ ತೊಡೆಯ ಸ್ನಾಯು ಉದ್ದವಾಗಬೇಕು. ಆ ಎಳೆತಕ್ಕೆ ಎಳೆಗಳು ಕದಡುತ್ತವೆ. ದೇಹ ದುರಸ್ತಿಗೆ ಇಳಿದಾಗ ಬರುವ ಉರಿಯೂತ ನರಗಳನ್ನು ಕೆಣಕುತ್ತದೆ, ಮುಟ್ಟಿದರೂ ನೋಯುತ್ತದೆ. ಸಾಮಾನ್ಯವಾಗಿ ವಾರದೊಳಗೆ ಎಲ್ಲ ಸರಿಹೋಗುತ್ತದೆ.

ಹುಡುಗರಿಗೆ ಯಾರೂ ಹೇಳದ ಸಂಗತಿ ಇದರ ಮುಂದಿನದು. ಒಮ್ಮೆ ಹೀಗೆ ಕದಡಿದ ಸ್ನಾಯು ಅದೇ ಕೆಲಸಕ್ಕೆ ಎರಡನೆಯ ಸಲ ಅಷ್ಟು ನೋಯುವುದಿಲ್ಲ. ಒಂದೇ ಸಲದ ವ್ಯಾಯಾಮ ಕೊಡುವ ಈ ರಕ್ಷಣೆ ಹಲವು ವಾರ ಉಳಿಯುತ್ತದೆ, ಆಮೇಲೆ ಕರಗುತ್ತದೆ. ಅಂದರೆ ಗೋಡೆ ಹಿಡಿದು ಎದ್ದವನು ಗಳಿಕೆಯ ಅರ್ಧವನ್ನು ಆಗಲೇ ಸಂಪಾದಿಸಿರುತ್ತಾನೆ. ಜಿಮ್ ಬಿಟ್ಟು ಅದನ್ನೇ ಕೈಯಾರೆ ಕಳೆದುಕೊಳ್ಳುತ್ತಾನೆ.

ಹಾಗಾದರೆ ಮೂರನೆಯ ದಿನ ಏನು ಮಾಡಬೇಕು? ಹೋಗಬೇಕು, ಆದರೆ ಅದೇ ಭಾರಕ್ಕಲ್ಲ. ಹತ್ತು ನಿಮಿಷ ನಡೆದು, ಭಾರವಿಲ್ಲದೆ ನಾಲ್ಕು ಬೈಠಕ್ ಹಾಕಿ ನೋಡಿ. ಬಿಗಿ ಸಡಿಲವಾಗಿ ಪೂರ್ತಿ ಕೂತು ಏಳಲು ಬಂದರೆ ಅರ್ಧ ಭಾರದಲ್ಲಿ ಒಂದೆರಡು ಸೆಟ್ ಸಾಕು. ಅರ್ಧಕ್ಕೇ ಕಾಲು ನಡುಗಿದರೆ ಅಂದು ಭುಜ, ಬೆನ್ನಿನ ಸರದಿ. ನೋವು ಎರಡೂ ತೊಡೆಯಲ್ಲಿ ಮಂದವಾಗಿ ಹರಡಿದ್ದರೆ ಹೆದರಬೇಕಿಲ್ಲ. ಒಂದೇ ಮೊಣಕಾಲಿನಲ್ಲಿ, ಬೆರಳಿಟ್ಟು ತೋರಿಸುವಷ್ಟು ಚುಚ್ಚಿದರೆ, ಬಾವು ಬಂದರೆ, ಅದು ಬೇರೆ ಕಥೆ. ಅದರ ಮೇಲೆ ಭಾರ ಹಾಕಬಾರದು. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರೆ ಸ್ವಲ್ಪ ಹಾಯೆನಿಸುತ್ತದೆ. ಸ್ಟ್ರೆಚಿಂಗ್‌ನಿಂದ ಈ ನೋವು ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ, ಎಷ್ಟೇ ಹೇಳಿದರೂ ಜನ ನಂಬುವುದಿಲ್ಲ.

ಆಳು ನೋಡಿ ಕೆಲಸ ಎಂಬ ಲೆಕ್ಕ ಈ ಜಿಲ್ಲೆಗೆ ಹೊಸದಲ್ಲ. ಬೀದರ್ ಜಿಲ್ಲೆಯದೇ ಆದ ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 12ನೇ ಶತಮಾನದಲ್ಲಿ, ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಿದ್ದಾನೆ, ಅವರ ಅಭ್ಯಾಸಗಳ ಹೆಸರು ಕೊಟ್ಟಿದ್ದಾನೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ. ಸ್ನಾಯುವಿನ ದುರಸ್ತಿಗೆ ಪ್ರೋಟೀನ್ ಬೇಕೇ ಬೇಕು. ನೂರು ಗ್ರಾಂ ಹಸಿ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಸೋಯಾದಲ್ಲಿ 36ಕ್ಕೂ ಹೆಚ್ಚು. ಎರಡೂ ನಮ್ಮ ಹೊಲದಲ್ಲೇ ಬೆಳೆಯುತ್ತವೆ. ಇದ್ದ ಸೋಯಾವನ್ನೆಲ್ಲ ಮಾರಿ ಬಂದ ದುಡ್ಡಿನಲ್ಲಿ ಡಬ್ಬಿ ಪೌಡರು ತರುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಭಾರ ಏರಿಸುವ ಲೆಕ್ಕಕ್ಕೆ ಈಗಿನ ರೂಪ ಬಂದದ್ದು ಶಿಕಾಗೋದ ಸೈನಿಕ ಆಸ್ಪತ್ರೆಯೊಂದರಲ್ಲಿ. ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ ಆಗೆಲ್ಲ ಹಗುರ ವ್ಯಾಯಾಮವನ್ನೇ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಥಾಮಸ್ ಡಿಲೋರ್ಮ್ ಎಂಬ ವೈದ್ಯ ಹಾಗಲ್ಲದೆ, ಹತ್ತು ಸಲ ಎತ್ತಲು ಬರುವಷ್ಟು ಭಾರ ಕೊಟ್ಟು, ಬಲ ಬಂದಂತೆ ಭಾರ ಏರಿಸಿದರು. 1945ರಲ್ಲಿ ಅದನ್ನು ಪ್ರಕಟಿಸಿದರು. ಆದರೆ ಸಣ್ಣ ಊರಿನ ಜಿಮ್ಮಿನಲ್ಲಿ ಒಂದು ತೊಡಕು. ಅಲ್ಲಿ ಎಲ್ಲಕ್ಕಿಂತ ಚಿಕ್ಕ ಪ್ಲೇಟು 2.5 ಕೆಜಿಯದಾಗಿದ್ದರೆ ಎರಡೂ ಬದಿಗೆ ಹಾಕಿದಾಗ ಒಮ್ಮೆಲೇ ಐದು ಕೆಜಿ. 30 ಕೆಜಿ ಎತ್ತುವವನಿಗೆ ಅದು ಆರನೆಯ ಒಂದು ಪಾಲು! ಅಂಥಲ್ಲಿ ಭಾರ ಹಾಗೇ ಇಟ್ಟು ಎಂಟು ರೆಪ್ಪನ್ನು ವಾರ ವಾರ ಹನ್ನೆರಡಕ್ಕೆ ಒಯ್ದು, ಆಮೇಲೆ ಪ್ಲೇಟು ಹಾಕಿ ಮತ್ತೆ ಎಂಟಕ್ಕೆ ಇಳಿಯಬೇಕು. ಭಾರ, ಸೆಟ್, ದಿನ ಮೂರನ್ನೂ ಒಂದೇ ವಾರದಲ್ಲಿ ಏರಿಸಿದರೆ ಯಾವುದು ಹೆಚ್ಚಾಯಿತೆಂದು ತಿಳಿಯುವುದೇ ಇಲ್ಲ. ನೋವು ಬರಲಿಲ್ಲವೆಂದು ಕೊರಗುವುದೂ ಬೇಡ. ಬಲ ಏರಿತೋ ಇಲ್ಲವೋ ಎಂಬುದನ್ನು ನೋಟ್‌ಬುಕ್ಕಿನಲ್ಲಿ ನೋಡಬೇಕೇ ಹೊರತು ತೊಡೆಯಲ್ಲಲ್ಲ.

ಬೇಸಿಗೆಯಲ್ಲಿ ಮಾತ್ರ ಹಟ ಬೇಡ. ಏಪ್ರಿಲ್, ಮೇನಲ್ಲಿ ಬೀದರ್ ಬಿಸಿಲು 40 ಡಿಗ್ರಿ ಸುಮಾರಿಗೆ ಹೋದಾಗ ತಗಡಿನ ಮಾಡಿನ ಜಿಮ್ಮಿನಲ್ಲಿ, ನೀರು ಕುಡಿಯದೆ, ತಿಂಗಳ ಬಿಡುವಿನ ನಂತರ ಇನ್ನೂರು ಬೈಠಕ್ ಹೊಡೆದರೆ ಸ್ನಾಯು ಕದಡುವುದಷ್ಟೇ ಅಲ್ಲ, ಒಡೆದು ಅದರೊಳಗಿನದು ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಆಗ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗುತ್ತದೆ, ತೊಡೆ ಊದಿಕೊಳ್ಳುತ್ತದೆ, ಕಾಲಿಗೆ ಶಕ್ತಿಯೇ ಇರುವುದಿಲ್ಲ. ಇದಕ್ಕೆ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ನುಂಗಬಾರದು, ಕೆಲವು ಗುಳಿಗೆಗಳು ಮೂತ್ರಪಿಂಡಕ್ಕೇ ಇನ್ನಷ್ಟು ಹೊರೆ. ಅದೇ ದಿನ ಆಸ್ಪತ್ರೆಗೆ ಹೋಗಿ, ಎಷ್ಟು ವ್ಯಾಯಾಮ ಮಾಡಿದಿರೆಂದು ನಾಚಿಕೆಯಿಲ್ಲದೆ ಡಾಕ್ಟರಿಗೆ ಹೇಳಿ. ರಕ್ತದಲ್ಲಿನ ಸಿಕೆ (ಸ್ನಾಯು ಒಡೆದಾಗ ಏರುವ ಕಿಣ್ವ) ಪರೀಕ್ಷೆ ಮಾಡಿಸಲು ಅವರಿಗೆ ಆ ಮಾತೇ ಸುಳಿವು.